ವಾಯುಮಾಲಿನ್ಯದ ಸೂಕ್ಷ್ಮ ನಕ್ಷೆಗಳು: ಹೂವಿನಹಡಗಲಿಯಿಂದ ಒಂದು ವಿಮರ್ಶೆ

ಭಾರತದ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ಅಡ್ಡಗೆರೆ, ಉದ್ದಗೆರೆಗಳನ್ನು ಎಳೆಯಿರಿ. ಪ್ರತಿ ಚೌಕದ ಬಾಹು 25 ಕಿ.ಮೀ. ಎಂದಿಟ್ಟುಕೊಂಡರೆ, ಸುಮಾರು 32.87 ಲಕ್ಷ ಚದರ ಕಿ.ಮೀ. ವಿಸ್ತೀರ್ಣದ ನಮ್ಮ ದೇಶ ಹೆಚ್ಚುಕಡಿಮೆ 5,260 ಚೌಕಗಳಲ್ಲಿ ಅಡಗುತ್ತದೆ. ಬಾಹುವನ್ನು 1 ಕಿ.ಮೀ.ಗೆ ಇಳಿಸಿದರೆ ಚೌಕಗಳ ಸಂಖ್ಯೆ ಸುಮಾರು 33 ಲಕ್ಷಕ್ಕೆ ಏರುತ್ತದೆ. ಪ್ರತಿ ಚೌಕದಿಂದ ವರ್ಷಕ್ಕೆ ಎಷ್ಟು ಸೂಕ್ಷ್ಮ ಕಣ, ಎಷ್ಟು ಗಂಧಕದ ಡೈಆಕ್ಸೈಡ್, ಎಷ್ಟು ಸಾರಜನಕದ ಆಕ್ಸೈಡ್ ಗಾಳಿಗೆ ಸೇರುತ್ತದೆ ಎಂದು ಬರೆದರೆ ಅದು ‘ಉತ್ಸರ್ಜನಾ ನಕ್ಷೆ’ ಆಗುತ್ತದೆ. ಚೌಕ ಚಿಕ್ಕದಾದಷ್ಟೂ ನಕ್ಷೆಯ ಪೃಥಕ್ಕರಣ ಹೆಚ್ಚು ಎನ್ನುತ್ತೇವೆ.

ಇಂತಹ ನಕ್ಷೆಗಳ ತಯಾರಿಕೆಯಲ್ಲಿ ಕಳೆದ ಎರಡು ದಶಕಗಳಲ್ಲಿ ದೊಡ್ಡ ಪ್ರಗತಿಯಾಗಿದೆ. ಬ್ರಿಟನ್ನಿನ ರಾಷ್ಟ್ರೀಯ ದಾಖಲೆ 1 ಕಿ.ಮೀ. ಚೌಕಗಳಲ್ಲಿ ಪ್ರಕಟವಾಗುತ್ತದೆ. ಡೆನ್ಮಾರ್ಕಿನ ‘ಸ್ಪ್ರೆಡ್’ ಮಾದರಿಯದೂ ಅದೇ ಅಳತೆ. ಯುರೋಪಿಯನ್ ಒಕ್ಕೂಟದ ‘ಎಡ್ಗರ್’ ದತ್ತಸಂಚಯ ಇಡೀ ಜಗತ್ತನ್ನು 0.1 ಡಿಗ್ರಿ, ಅಂದರೆ ಸುಮಾರು 11 ಕಿ.ಮೀ. ಬಾಹುವಿನ ಚೌಕಗಳಾಗಿ ವಿಂಗಡಿಸಿದೆ. ನಮ್ಮಲ್ಲಿ ಮುಂಬಯಿಯ ಐಐಟಿ ವಿಜ್ಞಾನಿಗಳ ‘ಸ್ಮಾಗ್-ಇಂಡಿಯಾ’ ದೇಶಕ್ಕೆಲ್ಲ 25 ಕಿ.ಮೀ. ಚೌಕಗಳ ಲೆಕ್ಕ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ಸಫರ್’ ಯೋಜನೆ 2018ರಲ್ಲಿ ದೆಹಲಿಗೆ 400 ಮೀಟರ್ ಚೌಕಗಳ ನಕ್ಷೆಯನ್ನೇ ಸಿದ್ಧಪಡಿಸಿತು.

ಇವು ಅಭಿನಂದನೀಯ ಕೆಲಸಗಳೇ. ಆದರೆ ಚೌಕ ಚಿಕ್ಕದಾದ ಮಾತ್ರಕ್ಕೆ ನಮ್ಮ ತಿಳಿವಳಿಕೆಯೂ ಅಷ್ಟೇ ಸೂಕ್ಷ್ಮವಾಯಿತೆಂದು ನಂಬಬಹುದೆ? ತುಂಗಭದ್ರೆಯ ದಂಡೆಯ ಹೂವಿನಹಡಗಲಿ ತಾಲ್ಲೂಕನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ನಕ್ಷೆ ತಯಾರಾಗುವ ಬಗೆ

ಲೆಕ್ಕದ ಮೂಲ ಸೂತ್ರ ಬಹಳ ಸರಳ: ಉತ್ಸರ್ಜನೆ = ಚಟುವಟಿಕೆಯ ಪ್ರಮಾಣ × ಉತ್ಸರ್ಜನಾ ಗುಣಾಂಕ. ಪಾಠಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳಿ. ಒಂದು ಮನೆಯಲ್ಲಿ ದಿನಕ್ಕೆ 4 ಕೆ.ಜಿ. ಕಟ್ಟಿಗೆ ಉರಿಯುತ್ತದೆ, ಪ್ರತಿ ಕೆ.ಜಿ.ಗೆ 5 ಗ್ರಾಂ ಸೂಕ್ಷ್ಮ ಕಣ ಹೊರಬರುತ್ತದೆ ಎಂದುಕೊಳ್ಳೋಣ. ಮನೆಯ ಉತ್ಸರ್ಜನೆ ದಿನಕ್ಕೆ 20 ಗ್ರಾಂ. ಇಂತಹ 150 ಮನೆಗಳಿಂದ ದಿನಕ್ಕೆ 3 ಕೆ.ಜಿ., ವರ್ಷಕ್ಕೆ 1,095 ಕೆ.ಜಿ. ಗುಣಾಂಕವನ್ನು 5ರ ಬದಲು 3 ಎಂದು ಹಿಡಿದರೆ ಇದು 657 ಕೆ.ಜಿ.ಗೆ ಇಳಿಯುತ್ತದೆ, 8 ಎಂದು ಹಿಡಿದರೆ 1,752 ಕೆ.ಜಿ.ಗೆ ಏರುತ್ತದೆ. ಒಲೆಯ ಬಗೆ, ಕಟ್ಟಿಗೆಯ ಜಾತಿ, ಅದರ ಹಸಿತನ ಇವುಗಳಿಂದಾಗಿ ಗುಣಾಂಕ ಇಷ್ಟು ವ್ಯತ್ಯಾಸವಾಗುವುದು ಸಹಜ.

ಈಗ ಎರಡನೆಯ ಹಂತ. ಎಷ್ಟು ಕಟ್ಟಿಗೆ ಉರಿಯಿತು ಎಂಬ ಅಂಕಿ ಪ್ರತಿ ಚೌಕಕ್ಕೆ ಸಿಗುವುದಿಲ್ಲ. ರಾಜ್ಯಕ್ಕೆ, ಹೆಚ್ಚೆಂದರೆ ಜಿಲ್ಲೆಗೆ ಸಿಗುತ್ತದೆ. ಆ ಮೊತ್ತವನ್ನು ಚೌಕಗಳಿಗೆ ಹಂಚಲು ಬದಲಿ ಸೂಚಕಗಳನ್ನು ಬಳಸುತ್ತಾರೆ. ಒಲೆಯ ಹೊಗೆಯನ್ನು ಜನಸಂಖ್ಯೆಗೆ ತಕ್ಕಂತೆ, ವಾಹನದ ಹೊಗೆಯನ್ನು ರಸ್ತೆಯ ಉದ್ದಕ್ಕೆ ತಕ್ಕಂತೆ, ಹೊಲದ ಬೆಂಕಿಯನ್ನು ಸಾಗುವಳಿ ಭೂಮಿಗೆ ತಕ್ಕಂತೆ ಹಂಚುವುದು ವಾಡಿಕೆ.

ಅಧ್ಯಾಪಕರಿಗೆ ಇದರ ತೊಡಕು ಬೇಗ ಅರ್ಥವಾಗುತ್ತದೆ. ತರಗತಿಯ 50 ಮಕ್ಕಳ ಒಟ್ಟು ಅಂಕ ಮಾತ್ರ ಗೊತ್ತಿದ್ದು, ಪ್ರತಿಯೊಬ್ಬರ ಹೆಸರಿನ ಮುಂದೆ ಸರಾಸರಿಯನ್ನೇ ಬರೆದರೆ 50 ಸಾಲಿನ ಪಟ್ಟಿ ಸಿದ್ಧವಾಗುತ್ತದೆ. ಆದರೆ ಅದರಲ್ಲಿರುವ ಮಾಹಿತಿ ಒಂದೇ ಸಂಖ್ಯೆಯದು. ಹಾಜರಾತಿಯನ್ನು ನೋಡಿ ಸರಾಸರಿಯನ್ನು ಅಷ್ಟಿಷ್ಟು ತಿದ್ದಿದರೂ ಅದು ಪರೀಕ್ಷೆಯ ಫಲಿತಾಂಶವಾಗದು.

ಸಂಖ್ಯಾಶಾಸ್ತ್ರ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಒಂದೇ ಗಾತ್ರದ ನೂರು ಅಂಕಿಗಳಲ್ಲಿ ಪ್ರತಿಯೊಂದಕ್ಕೂ ಶೇ. 50ರಷ್ಟು ದೋಷವಿದ್ದು, ಆ ದೋಷಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೆ, ಮೊತ್ತದ ದೋಷ ಶೇ. 5ಕ್ಕೆ ಇಳಿಯುತ್ತದೆ. ಹೆಚ್ಚು ಕಡಿಮೆಗಳು ಒಂದನ್ನೊಂದು ಕಳೆಯುತ್ತವೆ. ಮೊತ್ತದಿಂದ ಬಿಡಿ ಚೌಕಕ್ಕೆ ಇಳಿಯುವಾಗ ಈ ಅನುಕೂಲ ಕೈತಪ್ಪುತ್ತದೆ. ಆದ್ದರಿಂದ ಜಿಲ್ಲೆಯ ಮೊತ್ತ ನಂಬಲರ್ಹವಾಗಿದ್ದರೂ ಅದರಿಂದ ಹುಟ್ಟಿದ 1 ಕಿ.ಮೀ. ಚೌಕದ ಅಂಕಿ ಹಾಗಿರಬೇಕಾಗಿಲ್ಲ.

ಚಿಮಣಿ ಮತ್ತು ಒಲೆ

ನಕ್ಷೆ ಎಲ್ಲೆಡೆಯೂ ಒಂದೇ ರೀತಿ ದುರ್ಬಲವಲ್ಲ. ಹಡಗಲಿಯಿಂದ ಪೂರ್ವಕ್ಕೆ, ನೇರ ರೇಖೆಯಲ್ಲಿ ಸುಮಾರು 80 ಕಿ.ಮೀ. ದೂರದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿದೆ. ಅದರಾಚೆ ಕುಡುತಿನಿಯಲ್ಲಿ 500, 500 ಮತ್ತು 700 ಮೆಗಾವಾಟ್‌ಗಳ ಮೂರು ಘಟಕಗಳ ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರವಿದೆ. ಇವುಗಳ ಅಕ್ಷಾಂಶ, ರೇಖಾಂಶ ಗೊತ್ತು. ಸ್ಥಾವರ ಸುಡುವ ಕಲ್ಲಿದ್ದಲಿಗೆ ಲೆಕ್ಕವಿದೆ. ಇಂತಹ ಬಿಂದು ಮೂಲಗಳನ್ನು ಯಾವ ಚೌಕದಲ್ಲಿಡಬೇಕೆಂಬ ಗೊಂದಲವಿಲ್ಲ.

ಒಲೆಯ ಮಾತು ಬೇರೆ. 2018ರ ಜನವರಿಯಲ್ಲಿ ಪ್ರಕಟವಾದ, ಮುಂಬಯಿಯ ಐಐಟಿಯೂ ಪಾಲ್ಗೊಂಡಿದ್ದ ಅಧ್ಯಯನವೊಂದು, 2015ರಲ್ಲಿ ಭಾರತದಲ್ಲಿ ಸೂಕ್ಷ್ಮ ಕಣಗಳಿಂದಾದ ಸಾವುಗಳಲ್ಲಿ ಸುಮಾರು ಕಾಲು ಭಾಗ, ಅಂದರೆ 2,67,700ರಷ್ಟು, ಮನೆಗಳಲ್ಲಿ ಜೈವಿಕ ಇಂಧನ ಸುಡುವುದರಿಂದ ಸಂಭವಿಸಿವೆ ಎಂದು ಅಂದಾಜು ಮಾಡಿತು. ಅದು ಪರಿಶೀಲಿಸಿದ ಮೂಲಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಹೀಗೆ ಅತಿ ಹೆಚ್ಚು ಹಾನಿ ಮಾಡುವ ಮೂಲವನ್ನೇ ನಮ್ಮ ನಕ್ಷೆಗಳು ಅತಿ ಮಸುಕಾಗಿ ತೋರಿಸುತ್ತಿವೆ.

ಹಡಗಲಿ ಪಟ್ಟಣದ ಒಂದು ಚೌಕವನ್ನೂ ಹೊಳೆದಂಡೆಯ ಹಳ್ಳಿಯ ಒಂದು ಚೌಕವನ್ನೂ ಹೋಲಿಸಿ. ಎರಡರಲ್ಲೂ ಸಾವಿರ ಜನ ಇದ್ದಾರೆನ್ನಿ. ಜನಸಂಖ್ಯೆಯೊಂದನ್ನೇ ನೋಡುವ ನಕ್ಷೆ ಎರಡಕ್ಕೂ ಸಮಾನ ಹೊಗೆ ಹಂಚುತ್ತದೆ. ಪಟ್ಟಣದಲ್ಲಿ ಗ್ಯಾಸ್ ಒಲೆ ಹೆಚ್ಚು. ಹಳ್ಳಿಯಲ್ಲಿ ಜಾಲಿ ಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು ಇನ್ನೂ ಉರಿಯುತ್ತವೆ. 2011ರ ಜನಗಣತಿಯೇನೋ ಅಡುಗೆಯ ಇಂಧನದ ಬಗ್ಗೆ ಕೇಳಿತ್ತು. ಆದರೆ 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಚಿತ್ರ ಬದಲಾಯಿತು. 2021ರ ಜನಗಣತಿ ನಡೆಯಲೇ ಇಲ್ಲ. ಗ್ಯಾಸ್ ಸಂಪರ್ಕಗಳನ್ನು ಎಣಿಸಿದರೆ ಸಾಲದೆ? ಸಾಲದು. ಸಿಲಿಂಡರ್ ಇದ್ದ ಮನೆಯಲ್ಲೂ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆಯ ಒಲೆ ಹಚ್ಚುವುದನ್ನು ನೀವೇ ಕಂಡಿದ್ದೀರಿ. ಎಣಿಸಬೇಕಾದದ್ದು ಸಂಪರ್ಕವನ್ನಲ್ಲ, ವರ್ಷಕ್ಕೆ ತುಂಬಿಸಿಕೊಂಡ ಸಿಲಿಂಡರ್‌ಗಳನ್ನು.

ಡೆನ್ಮಾರ್ಕಿನ ಸ್ಥಿತಿ ಹೀಗಿಲ್ಲ. ಅಲ್ಲಿ ಪ್ರತಿ ಕಟ್ಟಡದ ಸರ್ಕಾರಿ ನೋಂದಣಿ ಇದ್ದು, ಅದನ್ನು ಬಿಸಿಮಾಡುವ ವ್ಯವಸ್ಥೆ ಯಾವುದೆಂಬುದೂ ದಾಖಲಾಗಿರುತ್ತದೆ. ಅಲ್ಲಿಯ 1 ಕಿ.ಮೀ. ಚೌಕಕ್ಕೆ ನೆಲಮಟ್ಟದ ದಾಖಲೆಯ ಆಧಾರ ಸಿಗಬಲ್ಲದು. ದೆಹಲಿಯ 400 ಮೀಟರ್ ನಕ್ಷೆಯ ಹಿಂದೆಯೂ ವಿದ್ಯಾರ್ಥಿಗಳು ಬೀದಿ ಬೀದಿ ತಿರುಗಿ ಕಲೆಹಾಕಿದ ಮಾಹಿತಿಯಿದೆ. ಅಂತಹ ಶ್ರಮವಿಲ್ಲದೆ ಗಣಕದಲ್ಲಿ ಚೌಕವನ್ನಷ್ಟೇ ಕತ್ತರಿಸಿದ ನಕ್ಷೆಯನ್ನು ಇವುಗಳ ಸಾಲಿನಲ್ಲಿ ಇಡಲಾಗದು.

ಗಡಿ ಮತ್ತು ಕಾಲ

ಜಿಲ್ಲೆಯನ್ನು ಆಧಾರವಾಗಿಟ್ಟುಕೊಂಡ ಲೆಕ್ಕಕ್ಕೆ ನಮ್ಮ ಭಾಗ ಇನ್ನೊಂದು ಸವಾಲೊಡ್ಡುತ್ತದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೊಸಪೇಟೆಗಳ ಜೊತೆ ಹೊಸ ವಿಜಯನಗರ ಜಿಲ್ಲೆಯನ್ನು ಸೇರಿತು. ತೋರಣಗಲ್ಲು ಇರುವ ಸಂಡೂರು ತಾಲ್ಲೂಕು ಬಳ್ಳಾರಿಯಲ್ಲೇ ಉಳಿಯಿತು. 2011ರ ಗಡಿಗಳನ್ನು ಆಧರಿಸಿದ ಲೆಕ್ಕದಲ್ಲಿ ಹಡಗಲಿಯೂ ಸಂಡೂರಿನ ಗಣಿಗಳೂ ಒಂದೇ ಜಿಲ್ಲೆಯ ಪೆಟ್ಟಿಗೆಯಲ್ಲಿವೆ. ಆ ಜಿಲ್ಲೆಯ ಸಣ್ಣ ಕೈಗಾರಿಕೆ, ಲಾರಿ ಸಾಗಣೆಗಳ ಮೊತ್ತವನ್ನು ಜನಸಂಖ್ಯೆಗೆ ತಕ್ಕಂತೆ ಹಂಚಿದರೆ ಅದಿರಿನ ಧೂಳಿನ ಪಾಲು ಮಲ್ಲಿಗೆ ತೋಟಕ್ಕೂ ಬರುತ್ತದೆ. ಹೊಸ ಗಡಿ ಹಿಡಿದರೆ ಮಾಯವಾಗುತ್ತದೆ. ಗಾಳಿಯಲ್ಲಿ ಮಾತ್ರ ಯಾವ ಬದಲಾವಣೆಯೂ ಆಗಿರುವುದಿಲ್ಲ.

ಕಾಲದ ವಿಷಯವೂ ಹೀಗೆಯೇ. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅದಿರು ಲಾರಿಗಳ ಸಾಲು ರಸ್ತೆಯಿಂದ ಮರೆಯಾಯಿತು. ರಸ್ತೆಯ ಉದ್ದ ಒಂದು ಮೀಟರೂ ಬದಲಾಗಲಿಲ್ಲ. ರಸ್ತೆಯ ಉದ್ದವನ್ನೇ ಸೂಚಕವಾಗಿಟ್ಟುಕೊಂಡ ನಕ್ಷೆಗೆ ಇಷ್ಟು ದೊಡ್ಡ ಬದಲಾವಣೆ ಎಲ್ಲಿ ನಡೆಯಿತೆಂದು ತಿಳಿಯುವುದಿಲ್ಲ. ಭರತ ಹುಣ್ಣಿಮೆಯ ಮೈಲಾರ ಜಾತ್ರೆಯನ್ನೂ ನೆನೆಯಿರಿ. ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬಂದ ಜನ ಬಯಲಿನಲ್ಲಿ ಒಲೆ ಹೂಡುತ್ತಾರೆ. ವರ್ಷದ ಸರಾಸರಿಯಲ್ಲಿ ಆ ದಿನಗಳ ಧೂಳು, ಹೊಗೆ ಕರಗಿಹೋಗುತ್ತವೆ. ಅಲ್ಲಿ ಉಸಿರಾಡಿದವರಿಗೆ ಅದು ಸರಾಸರಿಯಲ್ಲ.

ಉಪಗ್ರಹಗಳಿವೆಯಲ್ಲ ಎಂದು ನೀವು ಕೇಳಬಹುದು. ಇವೆ. 2017ರಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹದ ‘ಟ್ರೊಪೋಮಿ’ ಉಪಕರಣ ಸುಮಾರು 5.5 × 3.5 ಕಿ.ಮೀ. ತುಣುಕುಗಳಲ್ಲಿ ಸಾರಜನಕದ ಡೈಆಕ್ಸೈಡನ್ನು ಅಳೆಯುತ್ತದೆ. ದೊಡ್ಡ ಚಿಮಣಿಗಳನ್ನು ಗುರುತಿಸಲು ಅದು ಸಮರ್ಥ. ಅಡುಗೆಮನೆಯ ಕಣಗಳನ್ನು ಅದು ಕಾಣದು. ಬೆಂಕಿ ಪತ್ತೆಮಾಡುವ ‘ವಿಯರ್ಸ್’ ಉಪಕರಣದ ಪೃಥಕ್ಕರಣ 375 ಮೀಟರ್. ಅದನ್ನು ಹೊತ್ತ ಉಪಗ್ರಹಗಳು ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆ ಗಂಟೆಯ ಸುಮಾರಿಗೆ. ಸಂಜೆ ಹಚ್ಚಿ, ಅರ್ಧ ಗಂಟೆಯಲ್ಲಿ ಆರಿಹೋಗುವ ಮೆಕ್ಕೆಜೋಳದ ದಂಟಿನ ಬೆಂಕಿ ಅದರ ಕಣ್ಣಿಗೆ ಬೀಳುವುದು ಅಪರೂಪ.

ಹುಟ್ಟಿದ ಜಾಗ, ಉಸಿರಾಡುವ ಜಾಗ

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕು. ಉತ್ಸರ್ಜನಾ ನಕ್ಷೆ ಹೊಗೆ ಹುಟ್ಟುವ ಜಾಗವನ್ನು ತೋರಿಸುತ್ತದೆಯೇ ಹೊರತು ಗಾಳಿಯಲ್ಲಿ ಅದರ ಸಾಂದ್ರತೆಯನ್ನಲ್ಲ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ತೋರಣಗಲ್ಲಿನ ಹೊಗೆಯನ್ನು ನಮ್ಮಿಂದ ದೂರ ಒಯ್ಯುತ್ತದೆ. ಚಳಿಗಾಲದಲ್ಲಿ ಪೂರ್ವ, ಈಶಾನ್ಯದ ಗಾಳಿ ಬೀಸುತ್ತದೆ. ಗಂಟೆಗೆ 10 ಕಿ.ಮೀ. ವೇಗವಿದ್ದರೂ 80 ಕಿ.ಮೀ. ದಾಟಲು 8 ಗಂಟೆ ಸಾಕು. ಆದ್ದರಿಂದ ನಕ್ಷೆಯಲ್ಲಿ ತಿಳಿಬಣ್ಣದ ಚೌಕದಲ್ಲಿರುವವರು ಶುದ್ಧ ಗಾಳಿ ಉಸಿರಾಡುತ್ತಿದ್ದಾರೆಂದು ತೀರ್ಮಾನಿಸಬಾರದು.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಹಣ, ಮಾಪನ ಕೇಂದ್ರ, ಕ್ರಮಗಳು ಎಲ್ಲಿಗೆ ಹೋಗಬೇಕೆಂಬುದನ್ನು ಇಂತಹ ಅಂಕಿಗಳು ನಿರ್ಧರಿಸುತ್ತವೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಅಳೆದ ನಗರಗಳಲ್ಲಿ ಮಿತಿ ಮೀರಿದವನ್ನು ಆರಿಸಲಾಯಿತು. ಅಳೆಯದ ಊರು ಮಿತಿ ಮೀರಿತೆಂದು ಸಾಬೀತುಪಡಿಸುವ ದಾರಿಯೇ ಇಲ್ಲ. ಅಂತಹ ಊರಿನ ಪರವಾಗಿ ಮಾತನಾಡುವುದು ನಕ್ಷೆಯ ಚೌಕವೊಂದೇ. ಅದು ತಪ್ಪು ನುಡಿದರೆ ಕೇಳುವವರಿಲ್ಲ.

ಹಾಗಾದರೆ ಸೂಕ್ಷ್ಮ ನಕ್ಷೆಗಳು ಬೇಡವೆ? ಖಂಡಿತ ಬೇಕು. ಆದರೆ ಪ್ರತಿ ಚೌಕದ ಅಂಕಿಯ ಜೊತೆಗೆ ಅದು ಅಳೆದದ್ದೋ ಹಂಚಿದ್ದೋ, ಹಂಚಿದ್ದಾದರೆ ಯಾವ ಸೂಚಕದಿಂದ, ಯಾವ ವರ್ಷದ ಗಡಿಯಿಂದ, ದೋಷದ ವ್ಯಾಪ್ತಿ ಎಷ್ಟು ಎಂಬುದು ನಕ್ಷೆಯ ಮೇಲೆಯೇ ಕಾಣಬೇಕು. ಈಗ ಇಂತಹ ವಿವರಗಳನ್ನು ವರದಿಯ ಒಳಪುಟಗಳಲ್ಲಿ ಹುಡುಕಬೇಕಾಗುತ್ತದೆ. ನೋಡುವವರ ಕಣ್ಣಿಗೆ ಬೀಳುವುದು ಬಣ್ಣ ಮಾತ್ರ.

ಒಂದು ಚೌಕವನ್ನು ನೀವೇ ಎಣಿಸಿ

ಅಧ್ಯಾಪಕರೇ, ನಿಮ್ಮ ಶಾಲೆಯನ್ನು ನಡುವೆ ಇಟ್ಟು 1 ಕಿ.ಮೀ. ಬಾಹುವಿನ ಒಂದು ಚೌಕ ಗುರುತಿಸಿ. ವಿದ್ಯಾರ್ಥಿಗಳು ಮನೆಗಳ ಇಂಧನವನ್ನು ಕೇಳಿ ಬರೆಯಲಿ. ಮನೆಯವರ ಹೆಸರು ಬೇಕಾಗಿಲ್ಲ. ಹತ್ತು ಮನೆಗಳಲ್ಲಿ ಒಂದು ದಿನದ ಕಟ್ಟಿಗೆಯನ್ನು ತೂಗಲಿ. ವರ್ಷಕ್ಕೆ ಎಷ್ಟು ಸಿಲಿಂಡರ್ ಬಂತೆಂದು ವಿಚಾರಿಸಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹದಿನೈದು ನಿಮಿಷ ವಾಹನಗಳನ್ನು ಬಗೆವಾರು ಎಣಿಸಲಿ. ಇಟ್ಟಿಗೆ ಭಟ್ಟಿಗಳನ್ನು ದೂರದಿಂದಲೇ ಗುರುತಿಸಲಿ. ಹೊಲಕ್ಕೆ ಬೆಂಕಿ ಬಿದ್ದ ದಿನ, ಗಂಟೆಗಳನ್ನು ದಾಖಲಿಸಲಿ. ಮೇಲಿನ ಸೂತ್ರದಿಂದ ಲೆಕ್ಕ ಹಾಕಿ, ಎರಡು ಮೂರು ಬೇರೆ ಗುಣಾಂಕಗಳಿಂದ ಮತ್ತೆ ಹಾಕಿ. ನಂತರ ಪ್ರಕಟವಾದ ನಕ್ಷೆಯಲ್ಲಿ ನಿಮ್ಮ ಊರಿರುವ ಚೌಕದ ಸರಾಸರಿಯೊಂದಿಗೆ ಹೋಲಿಸಿ.

ಹಡಗಲಿಯ ಒಂದು ಶಾಲೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಲ್ಲಿ ಒಂದೊಂದು ಶಾಲೆ ಹೀಗೆ ಮಾಡಿದರೆ ಐದು ಚೌಕಗಳ ನಿಜವಾದ ಅಂಕಿಗಳು ಕೈಗೆ ಬರುತ್ತವೆ. 33 ಲಕ್ಷದ ಮುಂದೆ ಐದು ಅಲ್ಪವೆನಿಸಬಹುದು. ಆದರೆ ನಕ್ಷೆ ಮಾಡುವವರಿಗೆ ತಮ್ಮ ಹಂಚಿಕೆ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಬೇಕಾಗಿರುವುದು ಇಂತಹ ಚೌಕಗಳೇ.