ಓದಿನ ಚರಿತ್ರೆಯಲ್ಲಿ ಮನೋರಮೆಯ ಸ್ಥಾನ

ಓದಿನ ಚರಿತ್ರೆಯನ್ನು ಕುರಿತು ಪ್ರಬಂಧ ಬರೆಯಹೊರಡುವ ಈಗಿನ ಕಾಲೇಜು ವಿದ್ಯಾರ್ಥಿಗಳಿಗೆ ದಾರಿಯೊಂದು ಮೊದಲೇ ಸಿದ್ಧವಾಗಿರುತ್ತದೆ. ಬಾಬಿಲೋನಿನ ಮಣ್ಣಿನ ಹಲಗೆಯಿಂದ ಹೊರಟು, ಈಜಿಪ್ಟಿನ ಸುರುಳಿಯನ್ನು ದಾಟಿ, ಗುಟೆನ್‌ಬರ್ಗನ ಅಚ್ಚುಕೂಟದಲ್ಲಿ ಒಂದಿಷ್ಟು ವಿಶ್ರಮಿಸಿ, ಕಡೆಗೆ ಅಂಗೈಯ ಮೊಬೈಲ್ ಫೋನಿಗೆ ಬಂದು ನಿಲ್ಲುವುದೇ ಆ ದಾರಿ. ನಡುವೆ ನಾಲ್ಕನೆಯ ಶತಮಾನದ ಮಿಲಾನ್ ನಗರವೂ ತಪ್ಪದೆ ಬರುತ್ತದೆ. ಅಲ್ಲಿಯ ಬಿಷಪ್ ಅಂಬ್ರೋಸನು ಧ್ವನಿಯಿಲ್ಲದೆ ಓದುತ್ತಿದ್ದುದನ್ನು ಅಗಸ್ಟೀನನು ವಿಶೇಷವೆಂದು ಬರೆದಿಟ್ಟ ಪ್ರಸಂಗವದು. ಪುತ್ತೂರು, ಸುಳ್ಯ, ಕಡಬಗಳ ವಿದ್ಯಾರ್ಥಿಗಳೂ ಇದೇ ದಾರಿಯನ್ನು ಹಿಡಿದರೆ ಅವರ ಪ್ರಬಂಧದಲ್ಲಿ ಮಿಲಾನ್ ಇರುತ್ತದೆ, ಮನೆಯ ಜಗಲಿ ಇರುವುದಿಲ್ಲ. ಹಿರಿಯರಿಗೆ ಓದು ಇರಲಿಲ್ಲ, ಅದು ಶಾಲೆಯೊಡನೆ ಬಂತು ಎಂಬ ಮಾತು ನಿಶ್ಶಂಕೆಯಿಂದ ಬಂದುಬಿಡುತ್ತದೆ. ಪರೀಕ್ಷಿಸಬೇಕಾದುದು ಈ ಮಾತನ್ನು.

ಶಬ್ದದಿಂದಲೇ ಆರಂಭಿಸಬಹುದು. ಸಂಸ್ಕೃತದ ‘ವಾಚನ’ವು ‘ವಚ್’ ಧಾತುವಿನ ಣಿಜಂತರೂಪದಿಂದ ಹುಟ್ಟಿದೆ. ಎಂದರೆ ಅಕ್ಷರವನ್ನು ಮಾತನಾಡಿಸುವುದೇ ವಾಚನ. ಕನ್ನಡದ ‘ಓದು’ ಧಾತುವಿನ ತಮಿಳು ಬಂಧುವಿಗೆ ಪಠಿಸುವುದು ಎಂಬ ಅರ್ಥ ಇಂದಿಗೂ ಉಳಿದಿದೆ. ಅಲ್ಲಿಯ ಶಿವಾಲಯಗಳಲ್ಲಿ ತೇವಾರವನ್ನು ಹಾಡುವವರಿಗೆ ಓದುವಾರ್ ಎಂದೇ ಹೆಸರು. ಹೀಗೆ ಎರಡು ಭಾಷೆಗಳ ಸಾಕ್ಷ್ಯದಿಂದಲೂ ಓದೆಂಬುದು ಕಣ್ಣಿನ ಕೆಲಸವಾಗುವ ಮೊದಲು ಬಾಯಿಯ ಕೆಲಸವಾಗಿತ್ತು, ಆದುದರಿಂದ ಕಿವಿಯ ಕೆಲಸವೂ ಆಗಿತ್ತು.

ಪಾಣಿನೀಯ ಶಿಕ್ಷೆಯು ಅಧಮರಾದ ಪಾಠಕರನ್ನು ಆರು ಬಗೆಯಾಗಿ ಎಣಿಸುತ್ತದೆ. ರಾಗವೆಳೆಯುವವನು, ಅವಸರಪಡುವವನು, ತಲೆಯಲುಗಿಸುವವನು, ಬರೆದುದನ್ನು ನೋಡಿ ಓದುವವನು, ಅರ್ಥವನ್ನರಿಯದವನು, ಕಂಠಬಲವಿಲ್ಲದವನು. ನಾಲ್ಕನೆಯವನನ್ನು ಕಂಡು ಇಂದಿನ ವಿದ್ಯಾರ್ಥಿಗೆ ನಗು ಬಾರದಿರದು. ಪುಸ್ತಕ ನೋಡಿ ಓದುವವನು ಅಧಮನಾದರೆ ಉತ್ತಮನಾದವನು ಯಾರು? ಆದರೆ ಅವನ ಪಕ್ಕದಲ್ಲಿಯೇ ಅರ್ಥವನ್ನರಿಯದವನನ್ನು ಕುಳ್ಳಿರಿಸಿರುವುದನ್ನು ಗಮನಿಸಬೇಕು. ವೇದವನ್ನು ಕಲಿತೂ ಅರ್ಥವನ್ನು ತಿಳಿಯದವನು ಹೊರೆ ಹೊತ್ತ ಕಂಬದಂತೆ ಎಂದು ಯಾಸ್ಕನ ನಿರುಕ್ತದಲ್ಲಿಯೂ ಹೇಳಿದೆ. ಪ್ರಾಚೀನರ ಅಸಮಾಧಾನವಿದ್ದುದು ಓಲೆಯ ಮೇಲಲ್ಲ. ಪ್ರಶ್ನೆ ಕೇಳಲು ಇದಿರಿನಲ್ಲಿ ಯಾರೂ ಇಲ್ಲದ ಓದಿನ ಮೇಲೆ ಎಂದು ತೋರುತ್ತದೆ.

ಓಲೆಯ ಸ್ವಭಾವವೂ ಇದಕ್ಕೆ ಹೊಂದುವಂತಿತ್ತು. ತಾಳೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳು ಪದವೆಲ್ಲಿ ಮುಗಿಯಿತು, ಸಾಲೆಲ್ಲಿ ಮುಗಿಯಿತು ಎಂಬ ಗುರುತಿಲ್ಲದೆ ಗರಿಯ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಹರಿಯುತ್ತವೆ. ಬರಿಯ ಕಣ್ಣಿಗೆ ಅದು ಇರುವೆಯ ಸಾಲು. ಅದನ್ನು ಬಿಡಿಸುವ ಉಪಾಯವೆಂದರೆ ಬಾಯಿಬಿಟ್ಟು ಓದುವುದು. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿಯಲ್ಲಿ ಐದೈದು ಮಾತ್ರೆಯ ಗಣಗಳ ನಡೆಯು ಧ್ವನಿಯನ್ನು ಮುಂದಕ್ಕೆ ಒಯ್ಯುತ್ತದೆ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಮರಳಿ ಬರುವ ಪ್ರಾಸವು ಪಾದವು ಎಲ್ಲಿ ಮೊದಲಾಯಿತೆಂಬುದನ್ನು ಕಿವಿಗೆ ತಿಳಿಸುತ್ತದೆ. ಛಂದಸ್ಸನ್ನು ಬರಿಯ ಅಲಂಕಾರವೆಂದು ತಿಳಿದವರು ಒಮ್ಮೆ ಓಲೆಯ ಕಟ್ಟನ್ನು ಬಿಚ್ಚಿ ನೋಡತಕ್ಕದ್ದು.

ಮಳೆಗಾಲದಲ್ಲಿ ಹೊಲಗೆಲಸ ಮುಗಿದ ಮೇಲೆ ಮನೆಯ ಚಾವಡಿಯಲ್ಲಿ ಪುರಾಣ ಓದಿಸುತ್ತಿದ್ದ ಪದ್ಧತಿ ಈ ಸೀಮೆಗೆ ಹೊಸತಲ್ಲ. ಒಬ್ಬರು ಪದ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಇಲ್ಲಿಯ ಪ್ರವಚನಕ್ಕೆ ಒಂದು ವಿಶೇಷ ಕಾರಣವೂ ಇತ್ತು. ಕೇಳಲು ಕುಳಿತವರ ಮನೆಮಾತು ತುಳು, ಹವ್ಯಕ ಕನ್ನಡ, ಸುಳ್ಯದ ಕಡೆಯಲ್ಲಿ ಅರೆಭಾಷೆ, ಕೆಲವೆಡೆ ಕೊಂಕಣಿ, ಮಲೆಯಾಳ. ಕಾವ್ಯದ ಕನ್ನಡವು ಇವರಲ್ಲಿ ಯಾರೊಬ್ಬರ ಅಡುಗೆಮನೆಯ ಮಾತೂ ಅಲ್ಲ. ಆದುದರಿಂದ ಅರ್ಥಗಾರಿಕೆಯು ಇಲ್ಲಿ ವಿಲಾಸವಾಗಿರದೆ ಅವಶ್ಯಕತೆಯಾಗಿತ್ತು. ಓದು ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದ ಜನರೆಂದು ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗವು ಕನ್ನಡಿಗರನ್ನು ಹೊಗಳಿತಷ್ಟೆ. ಆ ಪರಿಣತಿ ಆಕಾಶದಿಂದ ಇಳಿದುದಲ್ಲ, ಇಂತಹ ಚಾವಡಿಗಳಲ್ಲಿ ಕೇಳಿ ಕೇಳಿ ಬಂದುದು.

ಹೀಗೆ ಕೇಳುವವರ ಚಿತ್ರವನ್ನು ಕನ್ನಡದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಬರೆದವನು ಇದೇ ಕರಾವಳಿಯ ಒಬ್ಬ ಬಡ ಉಪಾಧ್ಯಾಯ. ನಂದಳಿಕೆಯ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತ ಮುದ್ದಣನೆಂಬ ಹೆಸರಿನಲ್ಲಿ ಬರೆದು, ೧೯೦೧ರಲ್ಲಿ, ಮೂವತ್ತು ದಾಟಿದಾಗಲೇ ಕ್ಷಯದಿಂದ ತೀರಿಕೊಂಡನು. ತನ್ನ ಕೃತಿಗಳನ್ನು ಹಳೆಯ ಕವಿಗಳ ಕೃತಿಗಳೆಂಬಂತೆ ಮೈಸೂರಿನ ಕಾವ್ಯಮಂಜರಿಗೆ ಕಳುಹಿಸಿದ ಅವನ ಸಂಕೋಚವನ್ನು ಕುರಿತು ಬೇಕಾದಷ್ಟು ಬರೆದಾಗಿದೆ. ಅವನು ರಾಮಾಶ್ವಮೇಧದಲ್ಲಿ ನಿಲ್ಲಿಸಿದ ಮನೋರಮೆಯನ್ನು ಹೆಂಡತಿಯೆಂದು, ಸರಸವತಿಯೆಂದು, ವಿನೋದಶೀಲೆಯೆಂದು ಮೆಚ್ಚಿಕೊಂಡವರು ಅನೇಕರು. ವಾಚಕಿಯೆಂದು ಎಣಿಸಿದವರು ವಿರಳ.

ಅವಳು ಮಾಡುವುದೇನು? ಕಾರ್ಗಾಲದ ಬೇಸರವನ್ನು ಕಳೆಯಲು ಗಂಡನೊಡನೆ ಕಥೆ ಹೇಳೆನ್ನುತ್ತಾಳೆ. ಯಾವ ಕಥೆಯೆಂಬುದು ಅವಳ ಒಪ್ಪಿಗೆಯ ಮೇಲೆ ನಿಂತಿದೆ. ಪದ್ಯವೋ ಗದ್ಯವೋ ಎಂಬುದನ್ನೂ ಅವಳೇ ತೀರ್ಮಾನಿಸುತ್ತಾಳೆ. ಮುದ್ದಣನು ಸಂಸ್ಕೃತ ಸಮಾಸಗಳ ಭಾರದಿಂದ ಬಾಗಿದ ವಾಕ್ಯವೊಂದರಿಂದ ಕಥೆ ಮೊದಲು ಮಾಡಿದೊಡನೆ, ಇದು ತಿಳಿಯಲಿಲ್ಲ, ಕನ್ನಡದಲ್ಲಿ ಹೇಳು ಎಂದು ತಡೆಯುತ್ತಾಳೆ. ಪಂಡಿತನಾದವನು ಕೇಳುವವಳ ಅಜ್ಞಾನವನ್ನು ಹಳಿಯಬಹುದಾಗಿತ್ತು. ಮುದ್ದಣನು ಹಾಗೆ ಮಾಡದೆ, ಸ್ವಲ್ಪ ವಾದಿಸಿ, ಮಾತಿನ ಹದವನ್ನು ತಿದ್ದಿಕೊಂಡು ಮುಂದೆ ಹೋಗುತ್ತಾನೆ. ಎಂದರೆ ಕನ್ನಡದ ಗದ್ಯವು ಹೇಗಿರಬೇಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದುದು ಓದುವವನ ಪಾಂಡಿತ್ಯದಿಂದಲ್ಲ, ಕೇಳುವವಳ ಅಡ್ಡಮಾತಿನಿಂದ. ಅವಳ ಕೈಯಲ್ಲಿ ಪುಸ್ತಕವಿಲ್ಲ. ಆದರೂ ಓದಿನ ಚರಿತ್ರೆಯಲ್ಲಿ ಅವಳಿಗಿಂತ ಎಚ್ಚರದ ವಾಚಕಿಯನ್ನು ಕನ್ನಡದಲ್ಲಿ ಬೇರೆಡೆ ತೋರಿಸುವುದು ಕಷ್ಟ. (ಮುದ್ದಣನ ಗದ್ಯವೂ ಹಳಗನ್ನಡವೇ ಅಲ್ಲವೆ, ಅದೆಲ್ಲಿ ಸುಲಭವೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಸರಿಯೇ, ಮನೋರಮೆಯು ಇನ್ನೆರಡು ಬಾರಿ ತಡೆಯಬೇಕಾಗಿತ್ತು.)

ಈ ಅಡ್ಡಕೇಳುವಿಕೆಯು ಒಂದು ಗ್ರಂಥದ ಚಮತ್ಕಾರ ಮಾತ್ರವಾಗಿ ಉಳಿಯದೆ ಸೀಮೆಯ ಪದ್ಧತಿಯೇ ಆಗಿರುವುದಕ್ಕೆ ತಾಳಮದ್ದಳೆಯು ಸಾಕ್ಷಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದವನ್ನು ಹಾಡುತ್ತಾನೆ. ಅರ್ಥಧಾರಿಯು ಅದನ್ನು ಬಿಡಿಸಿ ಹೇಳುತ್ತಾನೆ. ಬರೆದುಕೊಟ್ಟ ಸಂಭಾಷಣೆ ಯಾವುದೂ ಇಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿಯು ಪ್ರಶ್ನಿಸಿದಾಗ, ಅಂದಿನ ರಾಮನು ಅಂದೇ ಉತ್ತರ ಹುಡುಕಬೇಕು. ನಿನ್ನೆಯ ಉತ್ತರವನ್ನು ಇಂದಿನ ವಾಲಿ ಒಪ್ಪಿಯಾನೆಂಬ ಭರವಸೆಯಿಲ್ಲ. ಕೆಲವೇ ಪದಗಳ ಪ್ರಸಂಗವು ಹಲವು ಗಂಟೆಗಳ ವ್ಯಾಖ್ಯಾನವಾಗಿ ಬೆಳೆಯುತ್ತದೆ. ಸುಳ್ಯ ತಾಲೂಕಿನ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರಂತಹ ಅರ್ಥಧಾರಿಗಳು ಮಿತವಾದ ಮಾತಿನಿಂದಲೇ ಪಾತ್ರದ ಒಳಗನ್ನು ತೆರೆದು ತೋರಿಸಿದರು. ವಾಕ್ಚಾತುರ್ಯದ ಹಟದಲ್ಲಿ ಪದವನ್ನೇ ಮರೆತು ಎಲ್ಲೆಲ್ಲಿಗೋ ಹೋಗುವ ಅರ್ಥಗಳೂ ಇವೆ. ಅವನ್ನು ಓದೆನ್ನಲಾಗದು, ಜಗಳವೆನ್ನಬಹುದು.

ಇಷ್ಟನ್ನು ಹೇಳಿದ ಮೇಲೆ ಚಾವಡಿಯ ಮೆಟ್ಟಿಲಿನತ್ತ ನೋಡದಿದ್ದರೆ ವಿಮರ್ಶೆಯು ಸ್ತುತಿಪಾಠವಾದೀತು. ಪುರಾಣದ ಧ್ವನಿಯು ಅಕ್ಷರವರಿಯದವರನ್ನು ಮುಟ್ಟಿತು, ನಿಜ. ಆದರೆ ಯಾರು ಒಳಗೆ, ಯಾರು ಅಂಗಳದಲ್ಲಿ, ಯಾರು ಅಂಗಳದಾಚೆ ಎಂಬ ಕಟ್ಟುಪಾಡೂ ಅಷ್ಟೇ ನಿಜ. ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರು ೧೯೩೩ರಲ್ಲಿ ಪ್ರಕಟಿಸಿದ ಚೋಮನ ದುಡಿಯಲ್ಲಿ ಚೋಮನಿಗೆ ಬೇಸಾಯಕ್ಕೆ ತುಂಡು ಭೂಮಿ ದಕ್ಕುವುದಿಲ್ಲ, ದಕ್ಕುವುದು ದುಡಿಯೊಂದೇ. ಅಂತಹವನು ಜಗಲಿಯ ಪುರಾಣವನ್ನು ಎಷ್ಟು ಕೇಳಬಲ್ಲನು? ಕೇಳಿದರೂ ಮನೋರಮೆಯಂತೆ ತಡೆದು ಅರ್ಥ ಕೇಳಬಲ್ಲನೆ? ಅವನಂತಹವರಿಗೆ ತಮ್ಮದೇ ಆದ ವಾಙ್ಮಯವಿತ್ತು. ನಾಟಿಯ ಗದ್ದೆಯಲ್ಲಿ ಹೆಂಗಸರು ಹಾಡುವ ಪಾಡ್ದನಗಳಲ್ಲಿ ಕೋಟಿ ಚೆನ್ನಯರು ಪುತ್ತೂರಿನ ಪಡುಮಲೆಯಲ್ಲಿ ಹುಟ್ಟಿ ಎಣ್ಮೂರಿನಲ್ಲಿ ಮಡಿದರು. ಪಂಜೆ ಮಂಗೇಶರಾಯರು ಆ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. ಅಜ್ಜಿಯು ತುಳುವಿನಲ್ಲಿ ಹಾಡಿದುದನ್ನು ಮೊಮ್ಮಗಳು ಕನ್ನಡದಲ್ಲಿ ಮೌನವಾಗಿ ಓದುವಾಗ ನಡೆಯುವ ಪಲ್ಲಟವು ಮಿಲಾನಿನ ಅಚ್ಚರಿಗಿಂತ ಕಡಮೆಯದಲ್ಲ. ವಿದ್ಯಾರ್ಥಿಗಳ ಪ್ರಬಂಧದಲ್ಲಿ ಕಾಣದೆ ಹೋಗುವುದು ಮುಖ್ಯವಾಗಿ ಇದೇ.

ಮುದ್ರಣವು ಬಾಗಿಲನ್ನು ಅಗಲಿಸಿತು. ಬಾಸೆಲ್ ಮಿಶನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ೧೮೪೩ರಲ್ಲಿ ಹೆರ್ಮನ್ ಮೊಗ್ಲಿಂಗನ ‘ಮಂಗಳೂರ ಸಮಾಚಾರ’ ಹೊರಬಂತು. ೧೮೪೮ರಿಂದ ಮುಂದಕ್ಕೆ ಅವನ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತವೂ ಬಸವಪುರಾಣವೂ ದಾಸರ ಪದಗಳೂ ಅಚ್ಚಾದುವು. ಪದಗಳ ನಡುವೆ ತೆರಪು ಬೀಳುತ್ತ ಬಂದು ಕಣ್ಣೊಂದೇ ಓದಬಲ್ಲದಾಯಿತು. ೧೮೯೭ರಲ್ಲಿ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಶನನ್ನು ಸ್ಥಾಪಿಸಿ, ಮೆಟ್ಟಿಲಾಚೆ ನಿಂತವರ ಮಕ್ಕಳಿಗೆ ಅಕ್ಷರ ಕೊಡಿಸಲು ಹೆಣಗಿದರು. ಅಚ್ಚಿನ ಪುಸ್ತಕಕ್ಕೆ ಮಡಿಯಿಲ್ಲ. ಅದು ಯಾರ ಕೈಯಲ್ಲಿಯೂ ತೆರೆಯುತ್ತದೆ. ಮೌನದ ಓದಿನಿಂದ ಏನು ನಷ್ಟವಾಯಿತೆಂದು ಲೆಕ್ಕ ಹಾಕುವವರು ಈ ಲಾಭವನ್ನು ಮೊದಲು ಬರೆದುಕೊಂಡು ಮುಂದೆ ಹೋಗಬೇಕು.

ನಷ್ಟವಾದುದು ಅಡ್ಡಮಾತು. ಪುಸ್ತಕವನ್ನು ತಡೆದು ಕೇಳಿದರೆ ಅದು ಉತ್ತರ ಕೊಡದು. ಶಾಲೆಯಲ್ಲಿ ಉತ್ತರ ಕೊಡಬೇಕಾದವರು ಪ್ರಶ್ನೋತ್ತರವನ್ನು ಬರೆಯಿಸಿ ಬಾಯಿಪಾಠ ಮಾಡಿಸಿದಲ್ಲೆಲ್ಲ ಯಾಸ್ಕನ ಕಂಬಗಳೇ ಬೆಳೆದುವು. ಈ ಕೊರತೆಯನ್ನು ಕಂಡವರೂ ಇಲ್ಲಿಯೇ ಇದ್ದರು. ಪುತ್ತೂರಿನಲ್ಲಿದ್ದುಕೊಂಡು ಕಾರಂತರು ೧೯೩೬ರಲ್ಲಿ ಬಾಲಪ್ರಪಂಚದ ಮೂರು ಸಂಪುಟಗಳನ್ನು ಹೊರತಂದರು. ಈಗ ಕಡಬ ತಾಲೂಕಿಗೆ ಸೇರಿದ ಕುಳಕುಂದದಲ್ಲಿ ಹುಟ್ಟಿದ ನಿರಂಜನರು ತರುವಾಯ ಜ್ಞಾನಗಂಗೋತ್ರಿಯ ಏಳು ಸಂಪುಟಗಳನ್ನು ಸಂಪಾದಿಸಿದರು. ಮಕ್ಕಳ ವಿಶ್ವಕೋಶವೆಂದರೆ ಒಂಟಿಯಾಗಿ ಓದುವ ಮಗುವು ಎಲ್ಲಿ ತಡೆದು ಕೇಳೀತೆಂಬುದನ್ನು ಮೊದಲೇ ಊಹಿಸಿ ಬರೆದ ಗ್ರಂಥವಲ್ಲದೆ ಬೇರೇನು? ಒಂದೇ ಸೀಮೆಯ ಇಬ್ಬರು ಅಂತಹ ಕೆಲಸಕ್ಕೆ ಕೈಹಾಕಿದುದು ಆಕಸ್ಮಿಕವಿರಬಹುದು. ಅರ್ಥ ಹೇಳದೆ ಪದ್ಯವನ್ನು ಮುಂದೆ ಬಿಡದ ಜನರ ನಡುವೆ ಬೆಳೆದುದರ ಫಲವೂ ಇರಬಹುದು.

ರಾಮಾಶ್ವಮೇಧದ ಗತಿಯೊಂದನ್ನು ಇಲ್ಲಿ ಹೇಳಬಹುದು. ಪಠ್ಯಪುಸ್ತಕ ಮಾಡಿದವರು ಅದರಿಂದ ಪದೇ ಪದೇ ಆಯ್ದುದು ಅಶ್ವದ ಸಂಚಾರವನ್ನಲ್ಲ, ಯುದ್ಧವನ್ನಲ್ಲ. ಮುದ್ದಣ ಮನೋರಮೆಯರ ಸಲ್ಲಾಪವನ್ನು. ಪದ್ಮಪುರಾಣದಿಂದ ಅಷ್ಟು ಶ್ರಮಪಟ್ಟು ತಂದ ಕಥೆಯನ್ನು ಪೂರ್ತಿಯಾಗಿ ಓದಿದ ವಿದ್ಯಾರ್ಥಿಗಳು ಕೆಲವರೇ. ಕಥೆಯನ್ನು ತಡೆದವಳ ಮಾತು ಮಾತ್ರ ಶಾಲೆ ಕಲಿತ ಹಲವರಿಗೆ ಈಗಲೂ ನೆನಪಿದೆ.