ಮಂದ್ರಕ್ಕೆ ಮೈ ಬಂತು
ಕಟ್ಟಾಯದ ನಮ್ಮ ಮನೆಗೆ ಹೊಸ ಸ್ಪೀಕರ್ ಜೋಡಿ ಬಂದಾಗ ಮೊದಲು ಹಾಕಿದ್ದು ಗಾಯಕ ಆರ್.ಕೆ. ಶ್ರೀಕಂಠನ್ ಅವರ ಕಛೇರಿ. 1920ರಲ್ಲಿ ಹುಟ್ಟಿದ ಅವರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದವರು, ಅಂದರೆ ನಮ್ಮ ಜಿಲ್ಲೆಯವರೇ. ಟಿವಿಯ ಸ್ಪೀಕರಿನಲ್ಲಿ ಇಷ್ಟು ದಿನ ಬರೀ ಟಕಟಕ ಎನ್ನುತ್ತಿದ್ದ ಮೃದಂಗದ ಎಡಮುಖ ಈಗ ಗುಮ್ಮೆಂದು ಎದೆಗೇ ತಾಕಿತು. ಮಂದ್ರದ ನಾದಕ್ಕೆ ಹೆಚ್ಚು ಗಾಳಿ ತಳ್ಳಬೇಕು. ಅಗಲವಾದ ವೂಫರಿಗೆ ಅದು ಸಲೀಸು. ಪಿಟೀಲಿನ ಕಮಾನು ತಂತಿ ಉಜ್ಜುವುದನ್ನೂ ಟ್ವೀಟರ್ ಬಿಡಲಿಲ್ಲ. ತಂಬೂರಿ ಹಾಡಿನುದ್ದಕ್ಕೂ ಇತ್ತೆಂದು ಗೊತ್ತಾದದ್ದೇ ಈಗ! ಗೋಡೆಗೆ ಒತ್ತಿಟ್ಟಾಗ ಮಾತ್ರ ಬೇಸ್ ಉಬ್ಬಿ ಸಾಹಿತ್ಯ ಮಸುಕಾಯಿತು. ಮೊಳದಷ್ಟು ಮುಂದಕ್ಕೆಳೆದರೆ ಸರಿಹೋಯಿತು. ಹಳೆಯ ಧ್ವನಿಮುದ್ರಣದ ಸುಯ್ ಸದ್ದೂ ಈಗ ಹೆಚ್ಚೇ ಕೇಳುತ್ತದೆ, ಸಭೆಯಲ್ಲಿ ಯಾರೋ ಕೆಮ್ಮಿದ್ದೂ. ಇವನ್ನೆಲ್ಲ ಅಳಿಸಿದ ನುಣುಪು ಆವೃತ್ತಿಗಳು ನನಗೆ ಬೇಡ.