ಕವಿಗೆ ಊರಾಗ ಜಾಗ ಐತೇನು?

ಕಾವ್ಯ ಕೇಳುವ ಹುಚ್ಚಿದ್ದವರು ಪ್ಲೇಟೋನನ್ನು ಓದಲೇಬೇಕು. ಕಾವ್ಯದ ಶಕ್ತಿಯನ್ನು ಅವನಷ್ಟು ಬಲ್ಲವರು ಕಡಿಮೆ, ಅದಕ್ಕೇ ಹೆದರಿದ. ತತ್ವಕ್ಕೂ ಕಾವ್ಯಕ್ಕೂ ಹಳೆಯ ಜಗಳವಿದೆ ಎಂದು ‘ರಿಪಬ್ಲಿಕ್’ನ ಹತ್ತನೆಯ ಭಾಗದಲ್ಲಿ ಹೇಳುತ್ತಾನೆ. ದೇವರ ಸ್ತುತಿ, ಸಜ್ಜನರ ಗುಣಗಾನ ಬಿಟ್ಟರೆ ಬೇರೆ ಕಾವ್ಯ ಅವನ ಆದರ್ಶ ನಗರಕ್ಕೆ ಬೇಡ. ಹೋಮರನ ವೀರ ಎದೆ ಬಡಿದುಕೊಂಡು ಅತ್ತರೆ ನಾವೂ ಕರಗುತ್ತೇವೆ, ಕರಗಿಸಿದ ಕವಿಯನ್ನು ಹೊಗಳುತ್ತೇವೆ. ಪರರ ದುಃಖಕ್ಕೆ ಹೀಗೆ ಸಡಿಲಬಿಟ್ಟ ಮನಸ್ಸನ್ನು ನಮ್ಮದೇ ದುಃಖ ಬಂದಾಗ ಬಿಗಿಹಿಡಿಯುವುದು ಹೇಗೆ ಎಂಬುದು ಅವನ ಚಿಂತೆ.

ಹೀಗೆ ಕರಗಿಸುವ ಕಾವ್ಯ ನಮ್ಮ ಕಡೆಯೂ ಇದೆ. ನಮ್ಮ ಇಟ್ಟಂಗಿಹಾಳಕ್ಕೆ ತೊರವೆ ದೂರದ ಊರಲ್ಲ. ಅಲ್ಲಿಯ ನರಸಿಂಹನ ಹೆಸರಿನಲ್ಲಿ ಕುಮಾರ ವಾಲ್ಮೀಕಿ ರಾಮಾಯಣ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. 14 ಮಾತ್ರೆಯ ಎರಡು ಸಾಲು ಸರಸರ ಸಾಗಿ, ಮೂರನೆಯದು 23 ಮಾತ್ರೆಗೆ ಹಿಗ್ಗುತ್ತದೆ. ಮುಂದಿನ ಮೂರು ಸಾಲೂ ಹಾಗೆಯೇ. ಸೀತೆಯನ್ನು ಕಳೆದುಕೊಂಡ ರಾಮನ ಅಳಲು ಆ ಉದ್ದ ಸಾಲಿಗೆ ಬಂದಾಗ ಹಾಡುವವನಿಗೆ ದನಿ ಎಳೆಯಲು ಜಾಗ ಸಿಗುತ್ತದೆ, ಕೇಳುವವರ ಗಂಟಲು ಕಟ್ಟುತ್ತದೆ. ಪ್ಲೇಟೋ ಅಂಜಿದ್ದು ಇಂಥದಕ್ಕೇ.

ಅವನ ‘ಅಯಾನ್’ ಸಂವಾದದಲ್ಲಿ ಹೋಮರನನ್ನು ವಾಚಿಸುವ ಅಯಾನ್‌ನ ಕಣ್ಣು ತುಂಬುತ್ತವೆ, ಮೈ ನವಿರೇಳುತ್ತದೆ. ಆದರೆ ಅದು ದೈವದ ಆವೇಶವೇ ಹೊರತು ತಿಳಿವಳಿಕೆಯಲ್ಲ ಎಂದು ಸಾಕ್ರಟೀಸ್ ವಾದಿಸುತ್ತಾನೆ. ಕವಿಗಳಿಗೆ ತಾವು ಬರೆದದ್ದರ ಅರ್ಥವನ್ನೇ ಹೇಳಲು ಬಾರದು ಎಂಬುದು ಅವನ ಇನ್ನೊಂದು ದೂರು.

ಈ ದೂರಿಗೆ ನಮ್ಮ ಕಡೆಯ ಪುರಾಣದ ಕಟ್ಟೆಯಲ್ಲಿ ಉತ್ತರವಿದೆ ಎಂದೇ ನನ್ನ ನಂಬಿಕೆ. ಶ್ರಾವಣದಲ್ಲಿ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುತ್ತಾರೆ. ಚಾಮರಸನ ಪ್ರಭುಲಿಂಗಲೀಲೆಯೋ ಭೀಮಕವಿಯ ಬಸವಪುರಾಣವೋ, ಗವಾಯಿಗಳು ಪೇಟಿ ಹಿಡಿದು ಪದ್ಯ ಹಾಡುತ್ತಾರೆ. ತಬಲಾ ನಿಂತ ಮೇಲೆ ಶಾಸ್ತ್ರಿಗಳು ಅರ್ಥ ಬಿಡಿಸುತ್ತಾರೆ, ಪ್ರಶ್ನೆ ಎತ್ತುತ್ತಾರೆ, ಊರಿನ ಬದುಕಿಗೆ ಹೊಂದಿಸುತ್ತಾರೆ. ಆವೇಶ, ವಿಚಾರ ಎರಡೂ ಒಂದೇ ಕಟ್ಟೆಯ ಮೇಲೆ ಕೂತಿರುತ್ತವೆ. ಅತ್ತವರು ಅತ್ತದ್ದೇಕೆಂದು ಯೋಚಿಸಿಕೊಂಡು ಮನೆಗೆ ಹೋಗುತ್ತಾರೆ.

ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಕೂಡ ಗುರುವಿಗೆ ಎದುರಾಡಿದ. ನಡೆದದ್ದನ್ನು ಹೇಳುವ ಚರಿತ್ರೆಗಿಂತ, ನಡೆಯಬಹುದಾದ್ದನ್ನು ಹೇಳುವ ಕಾವ್ಯ ಹೆಚ್ಚು ತಾತ್ವಿಕ ಎಂದ. ನಾನು ಅವನ ಕಡೆಯವನೇ. ಆದರೂ ಪ್ಲೇಟೋ ಬಾಗಿಲು ಪೂರ್ತಿ ಮುಚ್ಚಲಿಲ್ಲ ಎಂಬುದನ್ನು ಮರೆಯಬಾರದು. ತಾವು ಕವಿಗಳಲ್ಲದಿದ್ದರೂ ಕಾವ್ಯವನ್ನು ಪ್ರೀತಿಸುವವರು ಗದ್ಯದಲ್ಲಿ ಅದರ ಪರ ವಾದಿಸಲಿ, ಕೇಳುತ್ತೇವೆ ಎಂದಿದ್ದಾನೆ. ನಮ್ಮ ಶಾಸ್ತ್ರಿಗಳು ಮಾಡುವುದು ಆ ಕೆಲಸವನ್ನೇ. ಬರುವ ಶ್ರಾವಣಕ್ಕೆ ಯಾವ ಪುರಾಣ ಎಂದು ಊರ ಹಿರಿಯರು ಕೂಡಿ ಮಾತಾಡುವಾಗ ತೊರವೆ ರಾಮಾಯಣದ ಹೆಸರೂ ಬರಲಿ.